ಬಂಧನವೋ, ಅಭಯವೋ?

ಸಮ್ಮೇದ ಶಿಖರ್ಜಿಯ ಯಾತ್ರೆಗೆ ತೆರಳುವ ಶಿಕಾರಿಪುರ, ಸೊರಬದ ಶ್ರಾವಕರಲ್ಲಿ ಕೆಲವರು ಮುಂದುವರಿದು ಡಾರ್ಜಿಲಿಂಗನ್ನೂ ನೋಡಿ ಬರುವುದುಂಟು. ಅಲ್ಲಿ ಸುಮಾರು 7,000 ಅಡಿ ಎತ್ತರದಲ್ಲಿ, 1958ರಲ್ಲಿ ಸ್ಥಾಪಿತವಾದ ಪದ್ಮಜಾ ನಾಯ್ಡು ಹಿಮಾಲಯ ಮೃಗಾಲಯವಿದೆ. ಹಿಮಚಿರತೆ, ಕೆಂಪು ಪಾಂಡಾ, ಹಿಮಾಲಯದ ತೋಳ ಮೊದಲಾದ ಪರ್ವತಪ್ರಾಣಿಗಳಿಗೇ ಅಲ್ಲಿ ಪ್ರಾಶಸ್ತ್ಯ. ನೋಡಿ ಬಂದವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು: ಇದನ್ನು ಅಭಯದಾನವೆನ್ನಬಹುದೇ?

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಜೀವಿಯು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ವಿವರಿಸಿದ್ದಾರೆ. ಹಾಗಾದರೆ ಆವರಣ ಎಷ್ಟು ವಿಶಾಲವಾಗಿದ್ದರೂ, ಆಹಾರ ಎಷ್ಟು ಪುಷ್ಟಿಕರವಾಗಿದ್ದರೂ ಬಂಧದೋಷ ತಪ್ಪದು. ಖಾತೆಪುಸ್ತಕದಲ್ಲಿ ಜಮೆಯ ಮೊತ್ತ ದೊಡ್ಡದೆಂದು ಖರ್ಚಿನ ಬಾಬ್ತನ್ನು ಹೊಡೆದುಹಾಕಲು ಬರುವುದಿಲ್ಲವಷ್ಟೆ.

ಆದರೆ ಡಾರ್ಜಿಲಿಂಗಿನವರು 2003ರಲ್ಲಿ ತಮ್ಮಲ್ಲಿ ಬೆಳೆದ ಎರಡು ಕೆಂಪು ಪಾಂಡಾಗಳನ್ನು ಸಿಂಗಾಲೀಲಾ ಅರಣ್ಯಕ್ಕೆ ಬಿಟ್ಟರು. ಒಂದು ಹಿಂಸ್ರಮೃಗಕ್ಕೆ ಬಲಿಯಾಯಿತು. ಇನ್ನೊಂದು ಕಾಡಿನಲ್ಲಿಯೇ ಮರಿಯಿಟ್ಟಿತು. ಬಿಡುವ ಉದ್ದೇಶದಿಂದ ಕಟ್ಟಿದ ಬಂಧಕ್ಕೂ ತೋರಿಸುವುದಕ್ಕಾಗಿ ಕಟ್ಟಿದ ಬಂಧಕ್ಕೂ ಪರಿಣಾಮದಲ್ಲಿ, ಅಂದರೆ ಭಾವದಲ್ಲಿ, ಭೇದವಿದೆಯೆಂದೇ ನನ್ನ ಅಭಿಪ್ರಾಯ. ಸತ್ತ ಪಾಂಡಾವನ್ನು ಮುಂದಿಟ್ಟು ಪಂಜರವೇ ಲೇಸೆಂದು ವಾದಿಸುವವರೂ ಇದ್ದಾರೆ. ಆ ನ್ಯಾಯದಂತೆ ಸೆರೆಮನೆಯೂ ಕ್ಷೇಮಸ್ಥಾನವೇ!

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಶಿವಮೊಗ್ಗ–ಸಾಗರ ರಸ್ತೆಯ ತ್ಯಾವರೆಕೊಪ್ಪದಲ್ಲಿ 1988ರಿಂದ ಹುಲಿ, ಸಿಂಹಗಳ ಧಾಮವಿದೆ. ಆವರಣದಲ್ಲೇ ಹುಟ್ಟಿ ಬೆಳೆದ ಹುಲಿಯನ್ನು ಕಾಡಿಗೆ ಬಿಡುವುದು ಸುಲಭಸಾಧ್ಯವಲ್ಲ. ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ವ್ಯವಸ್ಥೆಯಿದೆ. ಬಸದಿಯ ಹಣದಿಂದ ಹುಲಿಯನ್ನು ದತ್ತು ಪಡೆದರೆ ಆ ಹಣ ಮಾಂಸವಾಗುತ್ತದೆ. ಕೊಡದೆ ಹಸಿವಿನಲ್ಲಿಟ್ಟರೆ ಅನ್ನಪಾನನಿರೋಧ. ಜಿಂಕೆಯನ್ನು ದತ್ತು ಪಡೆಯಿರಿ ಎಂಬ ಸಲಹೆ ಸುಲಭವಾದುದು. ದಾನಿಯ ಕೈಯನ್ನು ಅದು ಶುಚಿಯಾಗಿಡುತ್ತದೆ, ಹುಲಿಯ ಪಾಡು ಇದ್ದಂತೆಯೇ ಇರುತ್ತದೆ. ಪಶುವೈದ್ಯಕೀಯ ಔಷಧಿಗೆಂದು ನಿರ್ದಿಷ್ಟಪಡಿಸಿ ಕೊಡುವುದಕ್ಕೆ ಅವಕಾಶವಿದೆಯೇ ಎಂದು ಟ್ರಸ್ಟುಗಳು ವಿಚಾರಿಸಬಹುದು.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಈ ತೊಡಕೇ ಇಲ್ಲ. ಮಳೆಗಾಲದಲ್ಲಿ ಬಿಳಿ ಕೆಂಬರಲುಗಳು ಬಂದು, ಕೆರೆಯ ಮರಗಳಲ್ಲಿ ಮರಿಮಾಡಿ, ತಾವಾಗಿಯೇ ಹೊರಟುಹೋಗುತ್ತವೆ. ಅವು ಮೀನು, ಕಪ್ಪೆಗಳನ್ನು ತಿನ್ನುತ್ತವೆ, ನಿಜ, ಉಣಿಸುವವರು ನಾವಲ್ಲ. ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ಯುವ ಪಾಠಶಾಲೆಗಳು ಆಷಾಢದಲ್ಲೊಮ್ಮೆ ಗುಡವಿಗೂ ಕರೆದೊಯ್ಯಲಿ. ದುರ್ಬೀನು ಜೊತೆಗಿರಲಿ, ಗೂಡಿನ ಬಳಿ ಗದ್ದಲ ಬೇಡ.