ಕಾರಣ ಕೇಳದ ಕಾಯ್ದೆ

ವಿಧೇಯತೆಯನ್ನು ಸದ್ಗುಣವೆಂದು ಕಲಿತು ಬೆಳೆದವರು ನಾವು. ಆಳುವವರಿಗೆ ಅಧೀನರಾಗಿರಬೇಕೆಂಬ ಸಂತ ಪೌಲರ ಬೋಧನೆಯನ್ನೂ ಬಲ್ಲೆವು. ಹೀಗಿರುವಾಗ ಸರಕಾರಿ ಕಚೇರಿಗೆ ಹೋಗಿ ಕಡತದ ನಕಲು ಕೊಡಿ ಎಂದು ಕೇಳುವುದು ಕ್ರೈಸ್ತರಿಗೆ ಒಪ್ಪುವ ನಡತೆಯೇ? ಅದು ಉದ್ಧಟತನವಾಗುವುದಿಲ್ಲವೇ?

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ನಮ್ಮ ಕುಟುಂಬಗಳಿಗೆ ಇದು ಬರಿಯ ತತ್ತ್ವದ ಪ್ರಶ್ನೆಯಲ್ಲ. ಪತಿಯನ್ನು ಕಳೆದುಕೊಂಡ ತಾಯಿಯೊಬ್ಬರು ಮನೆಯ ಖಾತಾ ವರ್ಗಾವಣೆಗೆ ಅರ್ಜಿ ಸಲ್ಲಿಸಿದ್ದಾರೆ ಎನ್ನೋಣ. ತಿಂಗಳುಗಳು ಉರುಳಿದರೂ ‘ನಾಳೆ ಬನ್ನಿ’ ಎಂಬ ಮಾತೇ ಉತ್ತರ. ಹೊರಗೆ ನಿಂತ ಮಧ್ಯವರ್ತಿ ಒಂದು ಮೊತ್ತ ಹೇಳುತ್ತಾನೆ. ಆದರೆ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ, ತಮ್ಮ ಅರ್ಜಿ ಯಾವ ದಿನ ಯಾರ ಮೇಜಿನಲ್ಲಿತ್ತು, ಅವರು ಏನು ಟಿಪ್ಪಣಿ ಬರೆದರು ಎಂಬುದರ ದಾಖಲೆಯನ್ನು ಆಕೆ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಬರೆಯಲು ಬಾರದವರ ಕೋರಿಕೆಯನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗಿರಬೇಕು. (ನಮ್ಮ ಪ್ರಬೋಧನೆಗಳಿಗೂ ಇಂಥ ನಿಯಮವಿರಬಾರದಿತ್ತೇ ಎಂದು ನೀವು ಆಶಿಸಿದರೆ ನಾನು ಮುನಿಯುವುದಿಲ್ಲ.)

ಲಂಚ ಕೊಟ್ಟರೆ ಆಕೆಯ ಕಷ್ಟವೊಂದೇ ತೀರುತ್ತದೆ. ಸಾಲಿನಲ್ಲಿ ಹಿಂದೆ ನಿಂತ ಬಡವರ ಕಷ್ಟ ಇನ್ನಷ್ಟು ಹೆಚ್ಚುತ್ತದೆ. ಲಿಖಿತ ಪ್ರಶ್ನೆಯಾದರೋ ಅವರ ದಾರಿಯನ್ನೂ ತುಸು ಸುಗಮಗೊಳಿಸುತ್ತದೆ. 1996ರಲ್ಲಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ ಗ್ರಾಮೀಣ ಕೂಲಿಕಾರರು 40 ದಿನ ಧರಣಿ ಕುಳಿತದ್ದು ಸರಕಾರಿ ಕಾಮಗಾರಿಗಳ ಲೆಕ್ಕಪತ್ರಗಳ ನಕಲು ಪಡೆಯುವ ಹಕ್ಕಿಗಾಗಿ. ಕರ್ನಾಟಕವು 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿತು. ಇಡೀ ದೇಶದ ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಇವೆಲ್ಲಕ್ಕೂ ಮೊದಲು, 1963ರಲ್ಲಿ, ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರದಲ್ಲಿ, ಸಾರ್ವಜನಿಕ ವಿದ್ಯಮಾನಗಳ ಸತ್ಯವನ್ನು ತಿಳಿಯುವುದನ್ನು ಮಾನವ ಹಕ್ಕುಗಳಲ್ಲಿ ಎಣಿಸಿದ್ದರು. ಸಂತ ಲೂಕರ ಶುಭಸಂದೇಶದ ಸಾಮತಿಯಲ್ಲಿ ನ್ಯಾಯಾಧೀಶನನ್ನು ಬಿಡದೆ ಕಾಡಿದ ವಿಧವೆಯನ್ನು ಪ್ರಭುವು ಉದ್ಧಟಳೆನ್ನಲಿಲ್ಲ. ಎದೆಗುಂದದ ಪ್ರಾರ್ಥನೆಗೆ ಆಕೆಯನ್ನೇ ಮಾದರಿಯಾಗಿಟ್ಟರು.

ನನ್ನನ್ನು ಚಿಂತನೆಗೆ ಹಚ್ಚಿದ್ದು ಕಾಯ್ದೆಯ 6ನೆಯ ಕಲಂ. ಮಾಹಿತಿ ಏಕೆ ಬೇಕು ಎಂದು ಅಧಿಕಾರಿ ಕೇಳುವಂತಿಲ್ಲ. ಇದು ನ್ಯಾಯವೇ, ಕಾರಣ ಕೇಳುವ ಅಧಿಕಾರವಿದ್ದರೆ ಬಡವರ ಯಾವ ಕಾರಣವೂ ಸಾಲುತ್ತಿರಲಿಲ್ಲ. ಆದರೆ ಕಾನೂನು ಕೇಳದಿದ್ದುದನ್ನು ಮನಸ್ಸಾಕ್ಷಿ ಕೇಳುತ್ತದೆ. ನೆರೆಮನೆಯ ಕಟ್ಟಡಕ್ಕೆ ದೊರೆತ ಅನುಮತಿಯ ಪ್ರತಿಯನ್ನು, ಅಪಾಯದ ಗೋಡೆಯ ಭಯದಿಂದ ಒಬ್ಬರು ಕೇಳಿದರೆ, ಹೆದರಿಸಿ ಹಣ ಕೀಳಲು ಮತ್ತೊಬ್ಬರು ಕೇಳಿಯಾರು. ಎರಡು ಅರ್ಜಿಗಳಲ್ಲೂ ಅಕ್ಷರಗಳು ಒಂದೇ. ಅಧಿಕಾರಿ ಭೇದವೆಣಿಸಲಾರರು, ಎಣಿಸಲೂಬಾರದು. ಎರಡನೆಯವರ ಪಾಪಕ್ಕೆ ಹೆದರಿ ಮೊದಲನೆಯವರ ಬಾಗಿಲು ಮುಚ್ಚಬೇಕೆನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಹಾಗೆಯೇ, ಉತ್ತರ ಬರೆಯಬೇಕಾದ ಗುಮಾಸ್ತರು ನಮ್ಮದೇ ಧರ್ಮಕೇಂದ್ರದ ಮಗನೋ ಮಗಳೋ ಆಗಿರಬಹುದು. ಹಗೆಗಾಗಿ ಬರೆದ ಹತ್ತಾರು ಅರ್ಜಿಗಳ ಹೊರೆ ಅವರ ಮೇಲೆ ಬೀಳುತ್ತದೆ.

ಕೇಳುವವರನ್ನು ನಮ್ಮ ಅಂಗಳದಲ್ಲಿ ಹೇಗೆ ಕಾಣುತ್ತೇವೆ? ಧರ್ಮಸಭೆಯ ಕಾನೂನು ಸಂಹಿತೆಯ 1287ನೆಯ ನಿಯಮವು, ಭಕ್ತರು ಅರ್ಪಿಸಿದ ಕಾಣಿಕೆಗಳ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕೆನ್ನುತ್ತದೆ. ಆದರೂ ವಾರ್ಷಿಕ ಲೆಕ್ಕ ಓದುವಾಗ ಹಿಂದಿನ ಸಾಲಿನಿಂದ ಎದ್ದು ಸುಣ್ಣಬಣ್ಣದ ಖರ್ಚಿನ ವಿವರ ಕೇಳುವವರನ್ನು ಭಕ್ತಿಯಿಲ್ಲದವರೆಂದು ತಿರುಗಿ ನೋಡುವವರುಂಟು. ಏಕೆ ಕೇಳುತ್ತಿದ್ದೇನೆಂದು ಅವರೂ ಹೇಳಬೇಕಾಗಿಲ್ಲ.