ಬಾೞೂ ಬಾಳೂ

ಸತ್ತ ಅಕ್ಷರವೊಂದನ್ನು ಉಳಿಸಿಕೊಳ್ಳುವುದು ನಿಷ್ಠೆಯೋ, ಬರಿಯ ಹಠವೋ? ಹಳಗನ್ನಡ ಓದುವವನಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ನಮ್ಮ ಕಡೆಯವರಿಗಂತೂ ಇದು ಮನೆಬಾಗಿಲಿನ ಪ್ರಶ್ನೆ. ಭಟ್ಕಳ ತಾಲೂಕಿನ ಹಾಡುವಳ್ಳಿ (ಗ್ರಂಥಗಳಲ್ಲಿ ಅದೇ ಸಂಗೀತಪುರ) ಜೈನ ಮಠದ ಶಿಷ್ಯ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ. ಕನ್ನಡದ ವ್ಯಾಕರಣ, ಆದರೆ ಸಂಸ್ಕೃತದ 592 ಸೂತ್ರಗಳಲ್ಲಿ! ಅವನು ನಿಯಮ ಕಟ್ಟಿದ್ದು ಕಾವ್ಯದ ಕನ್ನಡಕ್ಕೆ. ಹೊನ್ನಾವರದ ಪೇಟೆಯಲ್ಲಿ ಮೆಣಸು ಮಾರುತ್ತಿದ್ದವರ ಮಾತಿಗಲ್ಲ.

ಆ ಕಾವ್ಯದ ಕನ್ನಡದಲ್ಲಿ ನಾವು ಈಗ ಬಿಟ್ಟುಕೊಟ್ಟ ಎರಡು ಅಕ್ಷರಗಳಿದ್ದವು: ೞ ಮತ್ತು ಱ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಹಾಲು ಕಱೆಯುವುದು ಬೇರೆ, ಹೆಸರು ಹಿಡಿದು ಕರೆಯುವುದು ಬೇರೆ. ಕಿವಿ ಈ ಭೇದವನ್ನು ಮರೆಯಿತು, ಅದರ ಬೆನ್ನಿಗೇ ಕೈಯೂ ಮರೆಯಿತು. 13ನೆಯ ಶತಮಾನದ ಕೇಶಿರಾಜ ೞ ಇರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕೇಳಿದೊಡನೆ ತಿಳಿಯುವಂತಿದ್ದರೆ ಪಟ್ಟಿ ಯಾತಕ್ಕೆ ಬೇಕಿತ್ತು?

ೞ ಬರೆಯಬೇಕಾದಲ್ಲಿ ಳ ಬರೆದ ಲಿಪಿಕಾರನನ್ನು ನಾನು ಬಯ್ಯಲಾರೆ. ಅವನು ಕೇಳಿದ್ದನ್ನೇ ಬರೆದ. ಸಲ್ಲದ ಕಡೆಯಲ್ಲೂ ೞ ಹಾಕಿದ ಬರಹಗಳಿವೆ; ಅಲ್ಲಿ ಪಾಂಡಿತ್ಯದ ಸೋಗು ಇದ್ದೀತೆಂಬ ಗುಮಾನಿ ನನಗೆ. ಅಂಥದನ್ನು ಕ್ಷಮಿಸುವುದು ಸ್ವಲ್ಪ ಕಷ್ಟವೇ.

ಇಂದಿನ ಸಂಪಾದಕನ ಪಾಡು ಇವೆರಡಕ್ಕಿಂತ ಬೇರೆ. ಅವನಿಗೆ ಭೇದ ಗೊತ್ತು. ಗೊತ್ತಿದ್ದೂ, ಕುಮಟೆಯ ಕಾಲೇಜು ಹುಡುಗರಿಗೆ ಸುಲಭವಾಗಲಿ ಎಂದು ಪಂಪನ ೞಗಳನ್ನೆಲ್ಲ ಳ ಮಾಡಿಬಿಟ್ಟರೆ? ಓದು ಸಲೀಸಾಗುತ್ತದೆ, ನಿಜ. ಆದರೆ ಯುದ್ಧದ ಪದ್ಯದಲ್ಲಿ ಇದು ಕತ್ತಿಯೋ ಬದುಕೋ ಎಂಬುದನ್ನು ಕವಿಯೇ ಬರೆದಿಟ್ಟಿದ್ದ. ಅದನ್ನು ಅಳಿಸಿ, ಈಗ ನೀನೇ ಊಹಿಸಿಕೋ ಎಂದು ಹುಡುಗನಿಗೆ ಹೇಳಿದಂತಾಯಿತು. ಎರಡನೆಯ ಅಕ್ಷರದ ಪ್ರಾಸದಲ್ಲಿ ೞಕ್ಕೆ ೞವನ್ನೇ ಹುಡುಕಿ ತಂದ ಅವನ ಶ್ರಮವೂ ಕಾಣದಾಯಿತು. ಉಪಕಾರದ ಹೆಸರಿನಲ್ಲಿ ಓದುಗನಿಂದ ಏನನ್ನೋ ಕಿತ್ತುಕೊಳ್ಳುವ ಈ ಬಗೆ ನನಗೆ ಒಪ್ಪಿಗೆಯಿಲ್ಲ. ಕಿತ್ತುಕೊಂಡದ್ದು ಅವನಿಗೆ ಗೊತ್ತೇ ಆಗುವುದಿಲ್ಲವಲ್ಲ!

ಇದೇ ತೊಡಕು ಜಪಾನೀಯರಿಗೂ ಇತ್ತು. ‘ಇಂದು’ ಎಂಬ ಅರ್ಥದ ಶಬ್ದವನ್ನು ಅವರು ‘ಕೆಫು’ ಎಂದು ಬರೆದು ‘ಕ್ಯೋ’ ಎಂದು ಓದುತ್ತಿದ್ದರು. 1946ರಲ್ಲಿ ಸರಕಾರ ಬರವಣಿಗೆಯನ್ನು ಉಚ್ಚಾರದ ಹತ್ತಿರಕ್ಕೆ ತಂದಿತು. ಆದರೂ ಪ್ರಾಚೀನ ಕೃತಿಗಳನ್ನು ಅಲ್ಲಿಯ ಶಾಲೆಗಳಲ್ಲಿ ಇಂದಿಗೂ ಹಳೆಯ ಕಾಗುಣಿತದಲ್ಲೇ ಕಲಿಸುತ್ತಾರೆ. ನನಗೂ ಇದೇ ಸರಿಯೆನಿಸುತ್ತದೆ: ನನ್ನ ಕಾಗದದಲ್ಲಿ ಬಾಳು, ಪಂಪನಲ್ಲಿ ಬಾೞ್.

ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ೞಕ್ಕೂ ಜಾಗ ಸಿಕ್ಕಿದೆ, ಆದರೆ ಅಲ್ಲಿ ಅದರ ಹೆಸರು ‘ಫಾ’! ಯಾರದೋ ಕಣ್ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಕಟ್ಟಳೆ ಇರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವೆಂದು ಸೇರಿಸಿದ್ದಾರೆ. ಹಾಡುವಳ್ಳಿಯ ವೈಯಾಕರಣಿ ಇದ್ದಿದ್ದರೆ ಇದಕ್ಕೂ ಒಂದು ಸೂತ್ರ ಬರೆಯುತ್ತಿದ್ದನೇನೋ.