ಸಾವಿನ ಮನೆಯಲ್ಲಿ ಮಗು

ಬಹುಪಾಲು ಮಕ್ಕಳು ಹತ್ತಿರದಿಂದ ಕಾಣುವ ಮೊದಲ ಸಾವು ಅಜ್ಜಿಯದೋ ಅಜ್ಜನದೋ ಆಗಿರುತ್ತದೆ. ಅಂಥ ದಿನ ದೊಡ್ಡವರು ಮೊದಲು ಮಾಡುವ ಕೆಲಸಗಳಲ್ಲೊಂದು, ಮಗುವನ್ನು ಪಕ್ಕದ ಮನೆಗೆ ಸಾಗಹಾಕುವುದು. ಸಂಜೆ ಅದು ಕೇಳಿದರೆ ಉತ್ತರಗಳು ಸಿದ್ಧವಾಗಿರುತ್ತವೆ: ಅಜ್ಜಿ ಊರಿಗೆ ಹೋಗಿದ್ದಾಳೆ, ಮಲಗಿದ್ದಾಳೆ, ದೇವರು ಕರೆಸಿಕೊಂಡ. ಇವು ಮಮತೆಯಿಂದಲೇ ಹುಟ್ಟಿದ ಮಾತುಗಳು, ಅನುಮಾನವಿಲ್ಲ. ಆದರೆ ಸತ್ಯವನ್ನು ತಾಳಲಾರದ್ದು ಮಗುವೋ, ಅದರ ಪ್ರಶ್ನೆಯ ಮುಂದೆ ನಿಲ್ಲಲಾರದ ನಾವೋ?

ನಮ್ಮ ಸಮರ್ಥನೆ ಒಂದೇ: 'ಅದಕ್ಕೇನು ತಿಳಿಯುತ್ತದೆ?' ಇದಕ್ಕೆ ಮನಶ್ಶಾಸ್ತ್ರದ ಬೆಂಬಲವೂ ಇದ್ದಂತೆ ತೋರುತ್ತದೆ. ಬುಡಾಪೆಸ್ಟಿನ ಮಕ್ಕಳನ್ನು ಮಾತಾಡಿಸಿ, ಅವರಿಂದ ಬರೆಸಿ, ಚಿತ್ರ ಹಾಕಿಸಿ ಮಾರಿಯಾ ನಾಗಿ ಎಂಬ ಸಂಶೋಧಕಿ 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದಳು. ಐದರೊಳಗಿನವರಿಗೆ ಸಾವೆಂದರೆ ಎಲ್ಲಿಗೋ ಹೋಗಿರುವುದು. ಐದರಿಂದ ಒಂಬತ್ತರವರೆಗೆ ಸಾವು ಬಂದು ಹಿಡಿದೊಯ್ಯುವ ಒಬ್ಬ ವ್ಯಕ್ತಿ. ಆಮೇಲಷ್ಟೇ ಅದು ಯಾರನ್ನೂ ಬಿಡದ, ಮರಳಿ ಬಾರದ ಕೊನೆ ಎಂದು ಆಕೆ ಕಂಡಳು. ಮುಂದಿನ ಸಂಶೋಧಕರು ಈ ಗೆರೆಗಳನ್ನು ಸಡಿಲಿಸಿದ್ದಾರೆ. ಐದರಿಂದ ಏಳರ ಹೊತ್ತಿಗೇ ಅನೇಕ ಮಕ್ಕಳು ಸಾವಿನ ಮುಖ್ಯ ಸಂಗತಿಗಳನ್ನು ಗ್ರಹಿಸುತ್ತಾರೆ.

ಆದರೂ ಇಂಥ ಮೆಟ್ಟಿಲುಗಳ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ದೊಡ್ಡವರಾದ ನಾವು ಮೇಲಿನ ಮೆಟ್ಟಿಲು ತಲುಪಿಬಿಟ್ಟಿದ್ದೇವೆ ಎಂಬುದು. ಕನಸುಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದ ಅಡಿಟಿಪ್ಪಣಿಯೊಂದರಲ್ಲಿ ಫ್ರಾಯ್ಡ್ ಹತ್ತು ವರ್ಷದ ಜಾಣ ಹುಡುಗನೊಬ್ಬನನ್ನು ನೆನೆಯುತ್ತಾನೆ. ಅಪ್ಪ ಸತ್ತಿದ್ದಾನೆಂದು ಹುಡುಗನಿಗೆ ಗೊತ್ತು. ರಾತ್ರಿ ಊಟಕ್ಕೆ ಯಾಕೆ ಬರುತ್ತಿಲ್ಲ ಎಂಬುದು ಮಾತ್ರ ಅರ್ಥವಾಗುತ್ತಿಲ್ಲ. ಫ್ರಾಯ್ಡನಿಗೆ ಇದು ಬೆರಗು. ಆದರೆ ಅಮೆರಿಕದ ಲೇಖಕಿ ಜೋನ್ ಡಿಡಿಯನ್, ಗಂಡ ಸತ್ತ ಮೇಲೆ ಅವನ ಬೂಟುಗಳನ್ನು ಯಾರಿಗೂ ಕೊಡಲಾರದೆ ಉಳಿಸಿಕೊಂಡಳು. ಮರಳಿ ಬಂದರೆ ಬೇಕಾಗುತ್ತವಲ್ಲ ಎಂದು. ಆಗ ಆಕೆಗೆ ಅರುವತ್ತೊಂಬತ್ತು ವರ್ಷ. ಇದನ್ನು ಆಕೆಯೇ 2005ರ ತನ್ನ ಪುಸ್ತಕದಲ್ಲಿ ಬರೆದಿದ್ದಾಳೆ. ತಿಳಿಯುವುದು ಒಂದು, ಒಗ್ಗುವುದು ಇನ್ನೊಂದು. ಒಗ್ಗದೆ ಒದ್ದಾಡುವುದರಲ್ಲಿ ಮಗು ನಮ್ಮ ಸರೀಕ. ಅದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತದೆ, ನಾವು ಕೇಳುವುದಿಲ್ಲ, ಅಷ್ಟೇ.

ಸುಳ್ಳಿನಿಂದ ನೋವು ಮುಂದಕ್ಕೆ ಹೋಗುತ್ತದೆ, ಕಡಿಮೆಯಾಗುವುದಿಲ್ಲ. ಊರಿಗೆ ಹೋದವರು ಬರಬೇಕು. ಬಾರದಿದ್ದರೆ ಅಜ್ಜಿಗೆ ತನ್ನ ಮೇಲೆ ಸಿಟ್ಟು ಎಂದು ಮಗು ತೀರ್ಮಾನಿಸಬಹುದು. ಮಲಗಿದವರು ಏಳದಿದ್ದರೆ ತನ್ನ ನಿದ್ದೆಯೇ ಭಯವಾಗಬಹುದು. ಇನ್ನೂ ಕಠಿಣವಾದದ್ದು ಮೌನ. ಎಳೆಯ ಮನಸ್ಸು ತಾನು ಅಂದುಕೊಂಡದ್ದಕ್ಕೂ ಜಗತ್ತಿನಲ್ಲಿ ನಡೆದದ್ದಕ್ಕೂ ಸುಲಭವಾಗಿ ಗಂಟು ಹಾಕುತ್ತದೆ. ಜಗಳವಾಡಿದಾಗ 'ನೀನು ಬೇಡ, ಹೋಗು' ಎಂದಿದ್ದರೆ, ಅಜ್ಜಿ ಹೋದದ್ದೇ ಅದಕ್ಕೆ ಎಂಬ ಅಪರಾಧದ ಭಾವ ಒಳಗೇ ಉಳಿಯುತ್ತದೆ. ಯಾರೂ ಮಾತೆತ್ತದ ಮನೆಯಲ್ಲಿ ಅದನ್ನು ಅಲ್ಲಗಳೆಯುವವರಾದರೂ ಯಾರು?

ಹಾಗಾದರೆ ನಕ್ಷತ್ರದ ಕಥೆ, ಸ್ವರ್ಗದ ಕಥೆ ಎಲ್ಲ ಬಿಡಬೇಕೇ? ಬರಿಯ ಸತ್ಯವನ್ನು ಮಗುವಿನ ಮುಂದೆ ಒಗೆಯುವುದೂ ಕ್ರೌರ್ಯವಲ್ಲವೇ? ಆಕ್ಷೇಪ ನ್ಯಾಯವಾದದ್ದೇ. ನನ್ನ ವಾದ ಕಥೆಯ ವಿರುದ್ಧವಲ್ಲ, ಕಥೆಯ ಸರದಿಯ ಬಗ್ಗೆ. ಅಜ್ಜಿಯ ದೇಹ ನಿಂತುಹೋಯಿತು, ಅವಳಿಗೆ ಈಗ ನೋವಿಲ್ಲ, ಹಸಿವಿಲ್ಲ, ಅವಳು ಮತ್ತೆ ಬರುವುದಿಲ್ಲ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ: ಇಷ್ಟು ಮೊದಲು. ಆಮೇಲೆ ಬರುವ ನಕ್ಷತ್ರ ಸಾಂತ್ವನ. ಇದರ ಬದಲಿಗೆ ಬರುವ ನಕ್ಷತ್ರ ಮೋಸ.

ಇದು ಆಗದ ಮಾತಲ್ಲ. ಅಮೆರಿಕದ ಮಕ್ಕಳ ಟೀವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನಲ್ಲಿ ಅಂಗಡಿಯ ಹೂಪರ್ ತಾತನ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡ. ಬೇರೆ ನಟನನ್ನು ತರಬಹುದಿತ್ತು, ತಾತ ಊರು ಬಿಟ್ಟ ಎನ್ನಬಹುದಿತ್ತು. ತಯಾರಕರು ತಜ್ಞರ ಸಲಹೆ ಪಡೆದು, ತಾತ ಸತ್ತ ಎಂದೇ 1983ರಲ್ಲಿ ತೋರಿಸಿದರು. ಬಿಗ್ ಬರ್ಡ್ ಎಂಬ ದೊಡ್ಡ ಹಕ್ಕಿ ತಾನು ಬರೆದ ಚಿತ್ರವನ್ನು ತಾತ ಬಂದಮೇಲೆ ಕೊಡುತ್ತೇನೆ ಎನ್ನುತ್ತದೆ; ಸತ್ತವರು ಬರುವುದಿಲ್ಲ ಎಂದು ದೊಡ್ಡವರು ಗಂಟಲುಕಟ್ಟಿಯೇ ಹೇಳುತ್ತಾರೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅವರ ಬಳಿ ಕಾರಣವಿಲ್ಲ. ಇಲ್ಲವೆಂಬುದನ್ನು ಮುಚ್ಚಿಡುವುದೂ ಇಲ್ಲ.

ನಮ್ಮಲ್ಲಿ ಸಾವಿನ ಆಚರಣೆಗಳು ಇದಕ್ಕಿಂತ ಒಂದು ಹೆಜ್ಜೆ ಮುಂದಿವೆ. ಹಾಲುತುಪ್ಪಕ್ಕೆ, ತಿಥಿಗೆ, ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ನೆನೆದು ತರುತ್ತಾರೆ: ಚಕ್ಕುಲಿ, ಎಲೆಅಡಿಕೆ, ಬೀಡಿಯೂ ಸೈ. ಅಜ್ಜಿಗೆ ಏನಿಷ್ಟ ಎಂಬುದು ಮೊಮ್ಮಗುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದುಃಖ ಇಲ್ಲಿ ಕೈಗೆ ಕೆಲಸವಾಗುತ್ತದೆ. ವಿಪರ್ಯಾಸವೆಂದರೆ, ಅದೇ ಹೊತ್ತಿಗೆ ಮಗುವಿನ ಕೈಗೆ ಮೊಬೈಲು ಕೊಟ್ಟು ಒಳಕೋಣೆಯಲ್ಲಿ ಕೂರಿಸುತ್ತೇವೆ. ಹೆಣ ನೋಡೆಂದು ಎಳೆದು ತರುವುದೂ ತಪ್ಪೇ. ಬರುತ್ತೀಯಾ ಎಂದು ಕೇಳಿ, ಬಂದರೆ ಜೊತೆಗೆ ನಿಲ್ಲುವುದಷ್ಟೇ ಬೇಕಾದದ್ದು.

ಕಠೋಪನಿಷತ್ತಿನ ಬಾಲಕ ನಚಿಕೇತ ಸತ್ತಮೇಲೆ ಏನೆಂದು ಕೇಳಿದಾಗ, ಯಮನೂ ಮೊದಲು ಮಾಡಿದ್ದು ನಾವು ಮಾಡುವುದನ್ನೇ. ಬೇರೇನಾದರೂ ಕೇಳು, ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು ಕೊಡುತ್ತೇನೆ, ಇದೊಂದು ಬೇಡ ಎಂದ. ದೇವತೆಗಳಿಗೂ ಈ ಬಗ್ಗೆ ಸಂಶಯವಿತ್ತೆಂದು ಒಪ್ಪಿಕೊಂಡ. ಹುಡುಗ ಜಗ್ಗದಿದ್ದಾಗ ಕೂತು ಮಾತಾಡಿದ. ಸಾವಿನ ಒಡೆಯನೇ ಸಂಶಯವನ್ನು ಒಪ್ಪಿದ ಮೇಲೆ, ಸತ್ತಮೇಲೇನೆಂದು ಗೊತ್ತಿಲ್ಲ ಎನ್ನಲು ಅಪ್ಪ ಅಮ್ಮಂದಿರಿಗೆ ಸಂಕೋಚವೇಕೆ?

ಮಗು ಆ ದಿನ ಸಾವನ್ನಷ್ಟೇ ಅಲ್ಲ, ನಮ್ಮನ್ನೂ ಅಳೆಯುತ್ತಿರುತ್ತದೆ. ಅತಿ ಕಷ್ಟದ ಪ್ರಶ್ನೆಗೆ ಮನೆಯವರು ನಿಜ ಹೇಳುತ್ತಾರೋ ಇಲ್ಲವೋ ಎಂಬುದನ್ನು ಅದು ಮೊದಲ ಸಲ ಕಲಿಯುವುದು ಅಲ್ಲೇ. ಮುಂದೆ ಬರುವ ಭಯಗಳನ್ನು, ತಪ್ಪುಗಳನ್ನು ನಮ್ಮ ಬಳಿ ತರಬೇಕೋ ಬೇಡವೋ ಎಂಬ ಅದರ ಲೆಕ್ಕಾಚಾರ ಶುರುವಾಗುವುದೂ ಅಲ್ಲಿಂದಲೇ.